ಸಂಜೆ ಐದೂವರೆಗೆ ಹೋಗಿ ನೋಡಿ: ಅಸಿಸ್ಟೆಡ್ ಲಿವಿಂಗೋ, ಮೆಮೊರಿ ಕೇರೋ ತೀರ್ಮಾನಿಸುವ ಕ್ರಮ

ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವ ಹಿರಿಯರಿಗೆ ಆರೈಕೆ ಕೇಂದ್ರ ಹುಡುಕುವ, ಕರೆದರೆ ನೆರವು ಸಿಗುವ ಅಸಿಸ್ಟೆಡ್ ಲಿವಿಂಗೋ, ಕರೆಯದೆಯೇ ನೋಡಿಕೊಳ್ಳುವ ಮೆಮೊರಿ ಕೇರೋ ಎಂದು ಯೋಚಿಸುವ ಮನೆಯವರ ಕೈಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಬಣ್ಣದ ಬ್ರೋಷರ್ ಇರುತ್ತವೆ. ಅವನ್ನು ಪಕ್ಕಕ್ಕಿಡಿಸಿ ನಾನು ಮೊದಲು ಕೈಗೆ ಕೊಡುವುದು ಒಂದು ನೋಟ್‌ಬುಕ್. ಏಳು ದಿನ, ದಿನಕ್ಕೊಂದು ಪುಟ, ಗಂಟೆಗೊಂದು ಸಾಲು. ಹಿರಿಯರು ಆ ಗಂಟೆಯಲ್ಲಿ ಏನು ಮಾಡಿದರು, ಅದಕ್ಕೆ ಯಾರು ಎಷ್ಟು ನೆರವಾದರು, ಇಷ್ಟೇ. ರಾತ್ರಿಯ ಗಂಟೆಗಳನ್ನೂ ಬಿಡುವ ಹಾಗಿಲ್ಲ.

ನೆರವನ್ನು ಬರೆಯುವಾಗ ಮೂರು ಗುರುತು ಸಾಕು: ‘ಬಾಯಿ’, ‘ಕೈ’, ‘ಪೂರ್ತಿ’. ‘ಸ್ನಾನ ಮಾಡಿಸಿದೆ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತು ‘ಈಗ ಸೋಪು ಹಚ್ಚಿ, ಈಗ ನೀರು ಹಾಕಿಕೊಳ್ಳಿ’ ಎಂದು ಹೇಳಿಕೊಟ್ಟರೆ ಸಾಕಾಯಿತೇ, ಬೆನ್ನು ಉಜ್ಜಿ ಕೈ ಹಿಡಿದು ಏಳಿಸಬೇಕಾಯಿತೇ, ಇಡೀ ಸ್ನಾನ ನೀವೇ ಮಾಡಿಸಿದಿರೇ? ಸ್ನಾನ, ಬಟ್ಟೆ, ಶೌಚ, ಎದ್ದು ಕೂತು ಓಡಾಡುವುದು, ಮಲಮೂತ್ರದ ಹಿಡಿತ, ಊಟ. ವೈದ್ಯರು ಎಡಿಎಲ್ (ದಿನನಿತ್ಯದ ಸ್ವಂತ ಕೆಲಸಗಳು) ಎನ್ನುವುದು ಈ ಆರನ್ನೇ. ಏಳು ದಿನದ ಪುಟಗಳಲ್ಲಿ ಈ ಆರಕ್ಕೂ ಎಷ್ಟು ‘ಬಾಯಿ’, ಎಷ್ಟು ‘ಕೈ’, ಎಷ್ಟು ‘ಪೂರ್ತಿ’ ಬಂತೆಂದು ಎಣಿಸಿ. ಸಂಜೆ ಆರರಿಂದ ಬೆಳಗಿನ ಆರರವರೆಗಿನ ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಮುಂದಿನ ತೀರ್ಮಾನದ ಮುಕ್ಕಾಲು ಪಾಲು ಆ ಕೆಂಪು ಗೆರೆಗಳ ಮೇಲೆ ನಿಂತಿದೆ.

ಇದರ ಜೊತೆಗೇ ವೈದ್ಯರ ಹತ್ತಿರ ಒಂದು ಸುತ್ತು ಆಗಿರಬೇಕು. ಮರೆವು ಅಂದುಕೊಂಡದ್ದೆಲ್ಲ ಡಿಮೆನ್ಷಿಯಾ ಅಲ್ಲ. ಬಿ12, ಥೈರಾಯ್ಡ್, ಸೋಡಿಯಂ, ಮೂತ್ರದ ಸೋಂಕು ಇವನ್ನು ನೋಡಿಸಿ. ಸಸ್ಯಾಹಾರಿಗಳು, ಅದರಲ್ಲೂ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದ ಸಕ್ಕರೆ ಕಾಯಿಲೆಯವರಾದರೆ ಬಿ12 ಬಿಡಲೇಬೇಡಿ. ಕಳೆದ ಒಂದೆರಡು ತಿಂಗಳಲ್ಲಿ ಬಿದ್ದಿದ್ದರೆ ತಲೆಯ ಸ್ಕ್ಯಾನ್ ಬೇಕು, ಒಳಗೆ ನಿಧಾನವಾಗಿ ರಕ್ತ ಸೇರಿರಬಹುದು. ಎರಡು ಮೂರು ದಿನದಲ್ಲಿ ದಿಢೀರನೆ ಬದಲಾದವರಿಗೆ ಬೇಕಾದ್ದು ಆಸ್ಪತ್ರೆ, ಕೇಂದ್ರವಲ್ಲ. ನಿಮ್ಹಾನ್ಸ್‌ನಲ್ಲೋ ನಿಮ್ಮೂರಿನ ನರರೋಗ ತಜ್ಞರಲ್ಲೋ ಯಾವ ಬಗೆಯ ಡಿಮೆನ್ಷಿಯಾ ಎಂದು ಬರೆಸಿಕೊಂಡು ಬನ್ನಿ. ಆಲ್‌ಝೈಮರ್, ರಕ್ತನಾಳದ್ದು, ಲೂಯಿ ಬಾಡಿ, ಮುಂಮೆದುಳಿನದು, ಒಂದೊಂದರ ಆರೈಕೆಯೂ ಬೇರೆ. ಬರೀ ‘ಮೆಮೊರಿ ಲಾಸ್’ ಎಂದು ಬರೆದ ಚೀಟಿ ಇಟ್ಟುಕೊಂಡು ಹೋದರೆ ಕೇಂದ್ರದವರಿಗೂ ಅನುಕೂಲ, ಯಾವುದಕ್ಕೂ ಜವಾಬು ಹೇಳಬೇಕಾಗಿಲ್ಲ.

ಗಂಟೆ ಒತ್ತುತ್ತಾರೆಯೇ?

ಅಸಿಸ್ಟೆಡ್ ಲಿವಿಂಗ್ ಮತ್ತು ಮೆಮೊರಿ ಕೇರ್ ಎಂಬ ಹೆಸರುಗಳು ಅಮೆರಿಕದಿಂದ ಬಂದವು. ಅಲ್ಲಿ ರಾಜ್ಯ ಸರ್ಕಾರಗಳು ಲೈಸೆನ್ಸ್ ಕೊಡುತ್ತವೆ, ಹಲವು ರಾಜ್ಯಗಳಲ್ಲಿ ಮೆಮೊರಿ ಕೇರ್‌ಗೆ ಪ್ರತ್ಯೇಕ ನಿಯಮಗಳೂ ಇವೆ. ನಮ್ಮಲ್ಲಿ ಬೋರ್ಡಿನ ಮೇಲೆ ಏನು ಬರೆಸಬೇಕೆನ್ನುವುದು ಮಾಲೀಕರ ಇಷ್ಟ. 2019ರಲ್ಲಿ ಕೇಂದ್ರ ಸರ್ಕಾರದ ವಸತಿ ಸಚಿವಾಲಯ ನಿವೃತ್ತರ ವಸತಿಗಳಿಗೆಂದು ಮಾದರಿ ಮಾರ್ಗಸೂಚಿ ಹೊರಡಿಸಿತು. ಹೆಸರೇ ಹೇಳುವಂತೆ ಅದು ಮಾದರಿ, ಕಡ್ಡಾಯವಲ್ಲ. ಹಾಗಾಗಿ ಬೋರ್ಡು ನೋಡದೆ ವ್ಯವಸ್ಥೆ ಹೇಗೆ ಓಡುತ್ತದೆ ಎಂದು ನೋಡಬೇಕು.

ಅಸಿಸ್ಟೆಡ್ ಲಿವಿಂಗ್ ಓಡುವುದು ಕರೆಗಂಟೆಯ ಮೇಲೆ. ಹಿರಿಯರು ತಮ್ಮ ಕೋಣೆಯಲ್ಲಿರುತ್ತಾರೆ, ಬೇಕಾದಾಗ ಗಂಟೆ ಒತ್ತುತ್ತಾರೆ, ಆಯಾ ಬರುತ್ತಾರೆ. ಮಂಡಿ ನೋವಿರುವ, ಪಾರ್ಶ್ವವಾಯುವಾಗಿ ಒಂದು ಕೈ ಸೋತ, ಕಣ್ಣು ಮಂಜಾದ ಹಿರಿಯರಿಗೆ ಇದು ಸರಿಯಾದ ವ್ಯವಸ್ಥೆ. ಅವರಿಗೆ ಬೇಕಾದ್ದು ಮೈಗೆ ನೆರವು, ಯಾವಾಗ ಬೇಕು ಅನ್ನುವುದು ಅವರಿಗೇ ಗೊತ್ತು. ಮರೆವಿನ ಕಾಯಿಲೆ ಮಧ್ಯಮ ಹಂತಕ್ಕೆ ಬಂದವರು ಚೆನ್ನಾಗಿಯೇ ಓಡಾಡುತ್ತಾರೆ, ಆದರೆ ನೆರವು ಬೇಕೆಂಬುದೇ ಅವರಿಗೆ ಹೊಳೆಯುವುದಿಲ್ಲ. ಅವರು ಕರೆಯುವುದಿಲ್ಲ, ಹೊರಟುಬಿಡುತ್ತಾರೆ. ಅಂಥವರಿಗೆ ಕರೆಯದೆಯೇ ಬರುವ ಸಿಬ್ಬಂದಿ ಬೇಕು. ಮೆಮೊರಿ ಕೇರ್ ಎನ್ನುವುದರ ತಿರುಳು ಇಷ್ಟೇ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರ್ ಇಲ್ಲದ ಕಾಲಿಂಗ್ ಬೆಲ್ ಸಿಗುತ್ತದೆ. ಅದರ ಗುಂಡಿಯನ್ನು ಮಂಚದ ಪಕ್ಕ, ಕೈಗೆಟುಕುವ ಎತ್ತರದಲ್ಲಿ ಅಂಟಿಸಿ. ‘ಏನಾದರೂ ಬೇಕಾದರೆ ಇದನ್ನು ಒತ್ತಿ’ ಎಂದು ಮೊದಲ ದಿನ ಮೂರು ಸಲ ತೋರಿಸಿ, ಅವರಿಂದಲೇ ಒತ್ತಿಸಿ. ಎರಡನೇ ದಿನ ಒಮ್ಮೆ ನೆನಪಿಸಿ. ಮೂರನೇ ದಿನ ಸುಮ್ಮನಿರಿ. ನೀರು ಬೇಕಾದಾಗ, ರಾತ್ರಿ ಶೌಚಕ್ಕೆ ಏಳುವಾಗ ಗುಂಡಿ ಒತ್ತಿದರೆ ಅಸಿಸ್ಟೆಡ್ ಲಿವಿಂಗ್ ನೋಡಬಹುದು. ಒತ್ತದೇ ಎದ್ದು ಹೋದರೆ, ಇಲ್ಲವೇ ಅದು ಏನೆಂದೇ ತಿಳಿಯದೆ ಕೀಳಲು ಹೋದರೆ, ಕರೆಗಂಟೆಯನ್ನು ನಂಬಿದ ಯಾವ ಕೇಂದ್ರವೂ ಅವರಿಗೆ ಸಾಲದು, ತಿಂಗಳಿಗೆ ಎಷ್ಟೇ ಕೊಟ್ಟರೂ ಅಷ್ಟೇ. ಕಾಯಿಲೆಯ ಹಂತವನ್ನು ಅಂಕಿಯಲ್ಲಿ ಹೇಳುವ ಪರೀಕ್ಷೆಗಳು ವೈದ್ಯರ ಬಳಿ ಇವೆ. ಜಾಗ ಆರಿಸುವ ಮಟ್ಟಿಗೆ ನಾನು ಹೆಚ್ಚು ನಂಬುವುದು ಈ ಗುಂಡಿಯನ್ನು.

ತಪ್ಪು ಎರಡು ಕಡೆಗೂ ಆಗುತ್ತದೆ. ಇನ್ನೂ ಪೇಪರ್ ಓದುವ, ಹಣದ ಲೆಕ್ಕದಲ್ಲಿ ಮಾತ್ರ ಎಡವುವ ಆರಂಭದ ಹಂತದವರನ್ನು ಬೀಗ ಹಾಕಿದ ಮೆಮೊರಿ ಕೇರ್‌ಗೆ ಸೇರಿಸಿದರೆ ಮಾತು ಆಡಲು ಜೊತೆಯಿಲ್ಲದೆ ಮುದುಡಿಹೋಗುತ್ತಾರೆ. ಅವರಿಗೆ ಹಗಲಿನ ಡೇ ಕೇರ್ ಸಾಕಾಗಬಹುದು, ಇಲ್ಲವೇ ಮನೆಯಲ್ಲೇ ಅರ್ಧ ದಿನದ ಅಟೆಂಡರ್. ಓಡಾಡುವ ಮಧ್ಯಮ ಹಂತದವರನ್ನು ಅಸಿಸ್ಟೆಡ್ ಲಿವಿಂಗ್‌ಗೆ ಸೇರಿಸಿದರೆ ನಡೆಯುವುದು ಇನ್ನೊಂದು. ರಾತ್ರಿ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬೀಳುತ್ತದೆ, ವಾರದೊಳಗೆ ‘ನಿದ್ದೆಗೆ ಒಂದು ಮಾತ್ರೆ’ ಶುರುವಾಗುತ್ತದೆ.

ಭೇಟಿ

ಬೆಳಗ್ಗೆ ಹನ್ನೊಂದಕ್ಕೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಸ್ನಾನ ಮುಗಿದಿರುತ್ತದೆ, ಮ್ಯಾನೇಜರ್ ಇರುತ್ತಾರೆ, ಯಾರೋ ಭಜನೆ ಹೇಳಿಸುತ್ತಿರುತ್ತಾರೆ. ನಾನು ಮನೆಯವರನ್ನು ಕಳಿಸುವುದು ಸಂಜೆ ಐದೂವರೆಗೆ, ಇನ್ನೊಂದು ಸಲ ಭಾನುವಾರ. ಬೆಳಕು ಇಳಿಯುವ ಹೊತ್ತಿಗೆ ಡಿಮೆನ್ಷಿಯಾ ಇರುವವರ ಗೊಂದಲ ಏರುತ್ತದೆ. ‘ಮಕ್ಕಳು ಸ್ಕೂಲಿಂದ ಬಂದಿಲ್ಲ’, ‘ಮನೆಗೆ ಹೋಗಬೇಕು’ ಎಂದು ಬಾಗಿಲ ಹತ್ತಿರ ಸೇರುವ ಹೊತ್ತು ಅದು. ಆಗ ಸಿಬ್ಬಂದಿ ಏನು ಮಾಡುತ್ತಾರೆ ನೋಡಿ. ‘ಇದೇ ನಿಮ್ಮನೆ, ಸುಮ್ನೆ ಕೂತ್ಕೊಳ್ಳಿ’ ಎಂದು ವಾದಕ್ಕಿಳಿಯುತ್ತಾರೋ, ‘ಬನ್ನಿ ಅಜ್ಜಿ, ಕಾಫಿ ಕುಡಿದು ಹೋಗೋಣ’ ಎಂದು ಕೈ ಹಿಡಿದು ಒಂದು ಸುತ್ತು ನಡೆಸುತ್ತಾರೋ? ತರಬೇತಿ ಇದೆಯೇ ಇಲ್ಲವೇ ಎಂಬುದಕ್ಕೆ ಗೋಡೆಯ ಸರ್ಟಿಫಿಕೇಟಿಗಿಂತ ಈ ಒಂದು ಮಾತು ಸಾಕ್ಷಿ. ವಿದೇಶದಲ್ಲಿರುವ ಮಕ್ಕಳು ವಿಡಿಯೋ ಕಾಲ್‌ನಲ್ಲಿ ನೋಡುವುದಾದರೆ ಇಲ್ಲಿಯ ಸಂಜೆ ಏಳಕ್ಕೇ ಕೇಳಿ. ಲಂಡನ್ನಿನಲ್ಲಿ ಆಗ ಬೇಸಿಗೆಯ ಮಧ್ಯಾಹ್ನ ಎರಡೂವರೆ, ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಆರೂವರೆ. ನಿದ್ದೆ ಕೆಟ್ಟರೂ ಪರವಾಗಿಲ್ಲ.

ಸಿಬ್ಬಂದಿ ಎಷ್ಟು ಎಂದು ಕೇಳಿದರೆ ಒಟ್ಟು ಸಂಖ್ಯೆ ಹೇಳುತ್ತಾರೆ. ‘ಮೂವತ್ತು ಜನಕ್ಕೆ ಹದಿನೈದು ಮಂದಿ’ ಅಂದಾಗ ಅದರಲ್ಲಿ ಅಡುಗೆಯವರು, ಸೆಕ್ಯುರಿಟಿ, ಡ್ರೈವರ್, ವಾರದ ರಜೆಯವರು ಎಲ್ಲ ಸೇರಿರುತ್ತಾರೆ. ಕಳೆದ ವಾರದ ಡ್ಯೂಟಿ ಚಾರ್ಟ್ ತೋರಿಸಿ ಎನ್ನಿ. ಮುಂದಿನ ವಾರದ್ದು ಬೇಡ, ಅದನ್ನು ಹೇಗೆ ಬೇಕಾದರೂ ಬರೆಯಬಹುದು. ಓಡಾಡುವ ಡಿಮೆನ್ಷಿಯಾ ನಿವಾಸಿಗಳಿದ್ದರೆ ಹಗಲು ಐವರಿಗೊಬ್ಬರು, ರಾತ್ರಿ ಎಂಟು ಜನಕ್ಕೊಬ್ಬರು ಎನ್ನುವುದು ನಾನು ಒಪ್ಪುವ ಕನಿಷ್ಠ. ಆ ರಾತ್ರಿಯವರು ಮಲಗುವಂತಿರಬಾರದು. ಕಾರಿಡಾರಿನ ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ ಕಂಡರೆ ಯಾರದೆಂದು ಕೇಳಿ.

ಬಾಗಿಲು. ನಂಬರ್ ಒತ್ತಿ ತೆರೆಯುವ ಕಾಂತದ ಬೀಗ ಈಗ ಎಲ್ಲೆಡೆ ಇದೆ. ಕರೆಂಟ್ ಹೋದರೆ ಅದು ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ, ಬೆಂಕಿಯ ಸಮಯಕ್ಕೆ ಹಾಗೇ ಇರಬೇಕು ಕೂಡ. ಆದರೆ ಜನರೇಟರ್ ಹತ್ತಿಕೊಳ್ಳುವಷ್ಟರಲ್ಲಿ ಒಬ್ಬರು ಗೇಟು ದಾಟಬಹುದು. ಬೀಗಕ್ಕೆ ಬ್ಯಾಟರಿ ಬ್ಯಾಕಪ್ ಇದೆಯೇ, ಫೈರ್ ಅಲಾರ್ಮ್ ಹೊಡೆದರೆ ತೆರೆಯುತ್ತದೆಯೇ, ಎರಡನ್ನೂ ಕೇಳಿ. ಒಂದಕ್ಕೆ ಉತ್ತರ ಗೊತ್ತಿದ್ದು ಇನ್ನೊಂದಕ್ಕೆ ತಡವರಿಸಿದರೆ ಯಾರೂ ಪರೀಕ್ಷಿಸಿಲ್ಲ ಎಂದರ್ಥ.

ಇನ್ನು ನೆಲ. ನಮ್ಮ ಕಟ್ಟಡಗಳಲ್ಲಿ ಬಚ್ಚಲಮನೆಯ ಹೊಸ್ತಿಲಿಗೆ ಕಪ್ಪು ಗ್ರಾನೈಟ್ ಪಟ್ಟಿ ಹಾಕುವುದು ವಾಡಿಕೆ. ಬಿಳಿ ಟೈಲ್ಸ್ ನಡುವೆ ಆ ಕಪ್ಪು ಪಟ್ಟಿ ಡಿಮೆನ್ಷಿಯಾ ಇರುವವರ ಕಣ್ಣಿಗೆ ಹೊಂಡದ ಹಾಗೆ ಕಾಣಬಹುದು. ಅಲ್ಲಿಗೆ ಬಂದು ನಿಂತುಬಿಡುತ್ತಾರೆ, ಇಲ್ಲವೇ ಕಾಲು ಎತ್ತರಕ್ಕೆತ್ತಿ ದಾಟಲು ಹೋಗಿ ಬೀಳುತ್ತಾರೆ. ‘ಟಾಯ್ಲೆಟ್ಟಿಗೆ ಬರಲು ಹಟ ಮಾಡುತ್ತಾರೆ’ ಎಂಬ ದೂರಿನ ಬೇರು ಎಷ್ಟೋ ಸಲ ಈ ಆರಿಂಚಿನ ಕಲ್ಲು. ನೆಲದ ಬಣ್ಣದ್ದೇ ಟೇಪ್ ಅಂಟಿಸಿದರೆ ಮುಗಿಯುತ್ತದೆ. ಅದನ್ನು ಮಾಡಿರುವ ಕೇಂದ್ರ ಕಂಡರೆ ನನಗೆ ಅರ್ಧ ಸಮಾಧಾನ. ಫಳಫಳ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ನೀರು ಚೆಲ್ಲಿದಂತೆ ಕಾಣುತ್ತದೆ, ಬ್ರೋಷರಿಗೆ ಮಾತ್ರ ಚೆಂದ. ಮಂಚದಲ್ಲಿ ಮಲಗಿ ನೋಡಿ, ಕಮೋಡ್ ಕಣ್ಣಿಗೆ ಬೀಳುತ್ತದೆಯೇ? ರಾತ್ರಿ ಅಲ್ಲಿ ಸಣ್ಣ ದೀಪ ಇರುತ್ತದೆಯೇ? ಬಿಳಿ ಗೋಡೆ, ಬಿಳಿ ನೆಲ, ಬಿಳಿ ಕಮೋಡ್ ಆದರೆ ಎಲ್ಲಿ ಕೂರಬೇಕೆಂದೇ ತಿಳಿಯದು, ಸೀಟು ಬೇರೆ ಬಣ್ಣದ್ದಿರಬೇಕು. ಗೀಸರಿನ ಬಿಸಿ ನಲ್ಲಿ ಅವರ ಕೈಗೆ ಸಿಗುವಂತಿದ್ದರೆ ಸುಟ್ಟುಕೊಳ್ಳುವುದು ಖಾತ್ರಿ.

ಭಾಷೆ

ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆಗಳು ಜಾರಿ, ಚಿಕ್ಕಂದಿನ ಮಾತು ಉಳಿದುಕೊಳ್ಳುವುದು ಸಾಮಾನ್ಯ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದವರು ಬರೀ ಕನ್ನಡಕ್ಕೆ, ತುಳುವಿಗೆ, ಕೊಂಕಣಿಗೆ ಇಳಿಯುತ್ತಾರೆ. ಬೆಂಗಳೂರಿನ ಕೇಂದ್ರಗಳಲ್ಲಿ ಕೈಯಾರೆ ಆರೈಕೆ ಮಾಡುವವರಲ್ಲಿ ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯ, ಕೇರಳದಿಂದ ಬಂದವರು ಬಹಳ. ಒಳ್ಳೆಯ ಮಕ್ಕಳು, ಕೆಲಸಕ್ಕೆ ಹಿಂಜರಿಯುವವರಲ್ಲ. ತೊಂದರೆ ಬರುವುದು ಒಂದೊಂದು ಮಾತಿನಲ್ಲಿ.

ನಮ್ಮ ಹಿರಿಯರು ಶೌಚಕ್ಕೆ ಹೋಗಬೇಕು ಎನ್ನುವುದನ್ನು ನೇರವಾಗಿ ಹೇಳುವುದೇ ಇಲ್ಲ. ಮೈಸೂರು ಕಡೆಯವರು ‘ಹೊರಗಡೆ ಹೋಗಬೇಕು’, ‘ಎರಡಕ್ಕೆ’ ಅನ್ನುತ್ತಾರೆ. ಉತ್ತರ ಕರ್ನಾಟಕದವರಾದರೆ ‘ಬೈಲಕಡಿ ಹೋಗ್ಬೇಕು’, ‘ಚರಗಿ ಕೊಡು’. ಕನ್ನಡ ಅರೆಬರೆ ಕಲಿತ ಹುಡುಗಿಗೆ ‘ಹೊರಗಡೆ’ ಎಂದರೆ ಗೇಟಿನ ಹೊರಗೆ. ಆಕೆ ‘ಬೇಡ ಅಜ್ಜಿ, ಕೂತ್ಕೊಳ್ಳಿ’ ಎಂದು ಬಾಗಿಲು ಹಾಕುತ್ತಾಳೆ. ಅಜ್ಜಿ ತಡೆದುಕೊಳ್ಳಲಾರದೆ ಕೈ ಕೊಡವುತ್ತಾರೆ. ಬಟ್ಟೆ ಒದ್ದೆಯಾಗುತ್ತದೆ. ರಿಜಿಸ್ಟರಿನಲ್ಲಿ ‘ಅಗ್ರೆಸಿವ್, ಡಯಾಪರ್ ಬೇಕು’ ಎಂದು ಬರೆಯಲಾಗುತ್ತದೆ. ಮರುದಿನದಿಂದ ಡಯಾಪರ್, ಮರುವಾರದಿಂದ ಮಾತ್ರೆ. ಹಾಗಾಗಿ ಸೇರಿಸುವ ಮುಂಚೆ ಅವರು ಬಳಸುವ ನಲವತ್ತು ಮಾತುಗಳ ಹಾಳೆ ಮಾಡಿಸುತ್ತೇನೆ. ಅವರ ಮಾತು ಎಡಗಡೆ, ಅರ್ಥ ಬಲಗಡೆ, ಹಿಂದಿ ಲಿಪಿಯಲ್ಲೂ ಒಂದು ಪ್ರತಿ. ಶೌಚ, ನೀರು, ನೋವು, ಚಳಿ, ಹಸಿವು ಮೊದಲು. ‘ಸಂಕಟ ಆಗ್ತಿದೆ’ ಅನ್ನುವುದಕ್ಕೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ, ಹೊಟ್ಟೆಯೋ ಎದೆಯೋ ಎಂದು ಬಿಡಿಸಿ ಬರೆಯಿರಿ. ಮಂಚದ ತಲೆದೆಸೆಗೆ ಅಂಟಿಸಲು ಒಪ್ಪದ ಕೇಂದ್ರ ನನ್ನ ಪಟ್ಟಿಯಲ್ಲಿ ಕೆಳಕ್ಕಿಳಿಯುತ್ತದೆ.

ಊಟದಲ್ಲೂ ಮೆನು ಓದಿ ಪ್ರಯೋಜನವಿಲ್ಲ, ಒಂದು ಹೊತ್ತು ಕೂತು ನೋಡಬೇಕು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವ ಹಿಡಿತ ಕಳೆದವರಿಗೆ ಆ ಅಭ್ಯಾಸವೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತೆಳು ಸಾರನ್ನ ಇನ್ನೂ ಮೋಸದ್ದು: ಸಾರು ಮೊದಲು ಇಳಿದು ಕೆಮ್ಮು ತರಿಸುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಮೆತ್ತಗೆ ಕಲಸಿದ ಮೊಸರನ್ನ, ಗಟ್ಟಿ ರಾಗಿ ಗಂಜಿ ಒಂದೇ ಹದದಲ್ಲಿರುವುದರಿಂದ ಮೇಲು. ಊಟದ ನಡುವೆ ಕೆಮ್ಮುವವರನ್ನು ಸಿಬ್ಬಂದಿ ಗಮನಿಸುತ್ತಾರೆಯೇ, ಒರಗಿಸಿ ಮಲಗಿಸಿಯೇ ತಿನ್ನಿಸುತ್ತಾರೆಯೇ ನೋಡಿ.

ಮಾತ್ರೆ ಮತ್ತು ಕಟ್ಟುವುದು

ಮಧ್ಯಾಹ್ನದ ನಿದ್ದೆಯ ಹೊತ್ತಲ್ಲದಾಗಲೂ ಸಾಲಾಗಿ ಕೂತವರ ಗದ್ದ ಎದೆಗೆ ತಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಅದು ವಯಸ್ಸಲ್ಲ, ಮಾತ್ರೆ ಹೆಚ್ಚಾಗಿರುವ ಲಕ್ಷಣ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಆಂಟಿಸೈಕೋಟಿಕ್ ಔಷಧಿಗಳು (ತೀವ್ರ ಮನೋರೋಗಕ್ಕೆ ಕೊಡುವಂಥವು) ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಬೇಕೇ ಬೇಕಾದ ಸಂದರ್ಭ ಇರುತ್ತದೆ, ಆದರೆ ಯಾವ ವೈದ್ಯರು ಬರೆದರು, ಎಷ್ಟು ಮಿಲಿಗ್ರಾಂ, ಯಾವ ತಾರೀಕಿಗೆ ಮರುಪರಿಶೀಲನೆ ಎಂಬ ಮೂರಕ್ಕೂ ಉತ್ತರ ಕಾಗದದಲ್ಲಿರಬೇಕು. ಲೂಯಿ ಬಾಡಿ ಇದ್ದವರಿಗೆ ಇದೇ ಗುಂಪಿನ ಹ್ಯಾಲೋಪೆರಿಡಾಲ್ ಕೊಟ್ಟರೆ ಮೈ ಮರಗಟ್ಟಿ ಜೀವಕ್ಕೇ ಸಂಚಕಾರ ಬರಬಹುದು. ಅವರ ಫೈಲಿನ ಮೊದಲ ಪುಟದಲ್ಲಿ ಕೆಂಪಕ್ಷರದಲ್ಲಿ ಬರೆಸಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಆ ಕಾಯ್ದೆಯ ಪ್ರಕಾರ ಒಬ್ಬರನ್ನೇ ಕೂಡಿಹಾಕುವ ಹಾಗಿಲ್ಲ. ಕೈಕಾಲು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ. ನಾಮನಿರ್ದೇಶಿತ ಪ್ರತಿನಿಧಿಗೆ (ರೋಗಿ ತನ್ನ ಪರವಾಗಿ ಬರೆದು ನೇಮಿಸಿದವರಿಗೆ) 24 ಗಂಟೆಯೊಳಗೆ ತಿಳಿಸಬೇಕು. ಕುರ್ಚಿಗೆ ದುಪಟ್ಟಾ ಸುತ್ತಿ ‘ಬೀಳಬಾರದು ಅಂತ’ ಎನ್ನುವುದೂ ಕಟ್ಟುವುದೇ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇವೆಯೇ ಎಂದು ಕೇಳಿ, ಪ್ರತಿ ನೋಡಿ.

ಲೆಕ್ಕ

ದರಪಟ್ಟಿಯ ಮೊದಲ ಸಾಲನ್ನು ಹೋಲಿಸಿದರೆ ಅಸಿಸ್ಟೆಡ್ ಲಿವಿಂಗ್ ಅಗ್ಗವಾಗಿ ಕಾಣುತ್ತದೆ. ಉದಾಹರಣೆಗೆ ಅದು ತಿಂಗಳಿಗೆ 48,000, ಮೆಮೊರಿ ಕೇರ್ 72,000 ಎಂದಿಟ್ಟುಕೊಳ್ಳಿ. ನೋಟ್‌ಬುಕ್ಕಿನ ಕೆಂಪು ಗೆರೆಗಳು ಹೆಚ್ಚಿದ್ದರೆ ಅಸಿಸ್ಟೆಡ್ ಲಿವಿಂಗ್‌ನವರು ರಾತ್ರಿಗೆ ಪ್ರತ್ಯೇಕ ಅಟೆಂಡರ್ ಕೇಳುತ್ತಾರೆ: ದಿನಕ್ಕೆ 750ರಂತೆ 22,500. ಡಯಾಪರ್ ದಿನಕ್ಕೆ ಮೂರು, ಒಂದಕ್ಕೆ 40ರಂತೆ 3,600. ಫಿಸಿಯೋಥೆರಪಿ ಎಂಟು ಸಲ, 600ರಂತೆ 4,800. ಬಾಡಿಗೆಯ ಮೇಲೆ ಶೇ. 18 ಜಿಎಸ್‌ಟಿ ಬೇರೆ ಎಂದಿದ್ದರೆ 8,640. ಒಟ್ಟು 87,540. ಮೆಮೊರಿ ಕೇರ್ ದರದಲ್ಲಿ ಅಟೆಂಡರ್, ಫಿಸಿಯೋ, ತೆರಿಗೆ ಎಲ್ಲ ಸೇರಿದ್ದು ಡಯಾಪರ್ ಮಾತ್ರ ಹೊರಗಾದರೆ 75,600. ಅಗ್ಗವಾಗಿ ಕಂಡದ್ದು ಸುಮಾರು ಹನ್ನೆರಡು ಸಾವಿರ ದುಬಾರಿ. ಅಂಕಿಗಳು ನಿಮ್ಮವು ಹಾಕಿಕೊಳ್ಳಿ, ಕ್ರಮ ಇದೇ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಗೆ ದಾಖಲಾದ ಖರ್ಚಿಗಷ್ಟೇ, ಕೇಂದ್ರದ ತಿಂಗಳ ಬಿಲ್ಲಿಗೆ ಬರುವುದಿಲ್ಲ.

ಕರಾರುಪತ್ರದಲ್ಲಿ ನಾನು ಮೊದಲು ಓದುವುದು ‘ಬಿಡುಗಡೆ’ಯ ಷರತ್ತು. ‘ಇತರ ನಿವಾಸಿಗಳಿಗೆ ತೊಂದರೆಯಾದಲ್ಲಿ ಏಳು ದಿನದ ನೋಟಿಸ್’ ಎಂದಿದ್ದರೆ, ಕಾಯಿಲೆ ಉಲ್ಬಣಿಸಿದ ವಾರವೇ ನೀವು ಬೀದಿಗೆ. ಮೂವತ್ತು ದಿನ ಕೇಳಿ, ಅದಕ್ಕೆ ಮುಂಚೆ ವೈದ್ಯರ ತಪಾಸಣೆ ಕಡ್ಡಾಯ ಎಂದು ಸೇರಿಸಿ. ಆಸ್ಪತ್ರೆಯಲ್ಲಿರುವಾಗ ಕೋಣೆಯ ಬಾಡಿಗೆ ಪೂರ್ತಿಯೇ, ಜೊತೆಗೆ ಕೂರುವವರು ಯಾರು, ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ, ಇವು ಬಾಯಿಮಾತಿನಲ್ಲಿ ಉಳಿಯಬಾರದು.

ಮನೆಯವರು ತಡಮಾಡುವುದು ಇನ್ನೊಂದು ಕಾಗದದಲ್ಲಿ. ಅಪ್ಪ ಬರೆದುಕೊಟ್ಟ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಇದೆ, ಬ್ಯಾಂಕಿನ ಕೆಲಸಕ್ಕೆ ಸಾಕು ಎಂದುಕೊಂಡಿರುತ್ತಾರೆ. ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಕಳೆದಾಗ ಆ ಅಧಿಕಾರ ಕೊನೆಗೊಳ್ಳುತ್ತದೆ. ಬೇಕಾದಾಗಲೇ ಅದು ನಿಲ್ಲುವುದು. ಆಮೇಲೆ ಉಳಿಯುವುದು ಕೋರ್ಟಿನ ದಾರಿ. ರೋಗ ಗುರುತಾದ ಆರಂಭದಲ್ಲೇ, ಅವರು ತಿಳಿದು ಸಹಿ ಹಾಕಬಲ್ಲ ಸ್ಥಿತಿಯಲ್ಲಿರುವಾಗಲೇ, ಪಿಂಚಣಿ ಖಾತೆಗೆ ಜಂಟಿ ಹೆಸರು, ವಿಲ್, ನಾಮನಿರ್ದೇಶಿತ ಪ್ರತಿನಿಧಿಯ ಪತ್ರ ಮುಗಿಸಿ.

ದಂಪತಿ ಇಬ್ಬರೂ ಇದ್ದು ಒಬ್ಬರಿಗೆ ಮಾತ್ರ ಮರೆವಾದರೆ, ಒಂದೇ ಆವರಣದಲ್ಲಿ ಎರಡೂ ವಿಭಾಗ ಇರುವ ಕಡೆ ಹುಡುಕಿ. ಒಂದೇ ಕೋಣೆ ಕೊಟ್ಟರೆ ಎರಡನೆಯವರು ದುಡ್ಡು ಕೊಟ್ಟು ಅಟೆಂಡರ್ ಕೆಲಸ ಮಾಡಿದಂತೆ.

ಮೊದಲ ತಿಂಗಳು

ವರ್ಷದ ಡೆಪಾಸಿಟ್ ಕಟ್ಟುವ ಮುಂಚೆ ಹದಿನೈದು ದಿನದ ತಾತ್ಕಾಲಿಕ ವಾಸ್ತವ್ಯ ಕೇಳಿ. ಬೆಳಗಿನ ಹೊತ್ತೇ ಸೇರಿಸಿ, ಸಂಜೆ ಬೇಡವೇ ಬೇಡ. ಅವರದೇ ಹೊದಿಕೆ, ದಿನಾ ನೋಡುವ ದೇವರ ಪಟ, ಕುಡಿಯುವ ಲೋಟ ಜೊತೆಗಿರಲಿ. ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿ ತರಬೇಡಿ, ಸ್ಟ್ರಿಪ್ಪಿನಲ್ಲೇ ಇರಲಿ. ಹಲ್ಲಿನ ಸೆಟ್, ಕನ್ನಡಕ, ಕಿವಿಯ ಮಿಷನ್ನು ಇವುಗಳ ಮೇಲೆ ಹೆಸರು ಬರೆಸಿ. ಎಲ್ಲಕ್ಕಿಂತ ಬೇಗ ಕಳೆಯುವುದು ಹಲ್ಲಿನ ಸೆಟ್, ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರುತ್ತದೆ.

ಮೊದಲ ಹತ್ತು ದಿನದ ಅಳು, ‘ಕರ್ಕೊಂಡು ಹೋಗು’ ಎನ್ನುವುದನ್ನು ನೋಡಿ ಕೇಂದ್ರ ಕೆಟ್ಟದ್ದೆಂದು ತೀರ್ಮಾನಿಸಲು ಆಗದು, ಒಳ್ಳೆಯದೆಂದೂ ಆಗದು. ಆಗ ನೋಡಬೇಕಾದ್ದು ದಿನಕ್ಕೆ ಎಷ್ಟು ಲೋಟ ನೀರು, ಮಲವಿಸರ್ಜನೆಯಾಗಿ ಎಷ್ಟು ದಿನ, ರಾತ್ರಿ ಎಷ್ಟು ಗಂಟೆ ನಿದ್ದೆ, ಬೆನ್ನಿನ ಕೆಳಗೆ ಮತ್ತು ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ ಎಂಬುದನ್ನು. ನೀರು ಇಳಿದು ಮಲಬದ್ಧತೆಯಾದರೆ ಗೊಂದಲ ತಾನಾಗಿ ಏರುತ್ತದೆ, ಅದನ್ನು ಕಾಯಿಲೆ ಹೆಚ್ಚಾಯಿತೆಂದು ಬರೆದುಬಿಡುತ್ತಾರೆ. ಸೇರಿಸಿದ ದಿನವೇ ಅಲ್ಲಿಯ ತೂಕದ ಯಂತ್ರದಲ್ಲೇ ತೂಕ ಹಾಕಿಸಿ ತಾರೀಕಿನೊಡನೆ ಬರೆದಿಟ್ಟುಕೊಳ್ಳಿ. ಮೂವತ್ತನೇ ದಿನ ಅದೇ ಯಂತ್ರ, ಅದೇ ಹೊತ್ತು. ಅರವತ್ತು ಕಿಲೋ ಇದ್ದವರು ಐವತ್ತೇಳಕ್ಕೆ ಇಳಿದಿದ್ದರೆ, ಅಂದರೆ ನೂರಕ್ಕೆ ಐದು ಹೋಗಿದ್ದರೆ, ಮ್ಯಾನೇಜರ್ ಜೊತೆ ಮಾತಿಗೆ ಕೂರುವ ಮುಂಚೆ ಊಟದ ಹೊತ್ತಿಗೆ ಹೇಳದೆ ಹೋಗಿ ನಿಲ್ಲಿ.